ಹತ್ತು ಡಾಲರು ಲಾಭ

ಕಳೆದ ಚಳಿಗಾಲದಲ್ಲಿ ನಾನು ನಲವತ್ತು ದಿನ ಬೆಳಗಿನ ಜಾವ ಐದು ಗಂಟೆಗೆ ಎದ್ದೆನೆಂದರೆ ನನ್ನ ಸಹಪಾಠಿಗಳು ನಂಬಲಾರರು. ನಮ್ಮ ನಿಲಯಪಾಲಕರು ಮಾತ್ರ ನಂಬಿದರು. ನನ್ನ ಕೋಣೆಯಲ್ಲಿ ದೀಪ ಉರಿಯುವುದನ್ನು ಕಂಡು, “ಹುಡುಗ ಚೆನ್ನಾಗಿ ಓದುತ್ತಿದ್ದಾನೆ” ಎಂದು ಅಧ್ಯಾಪಕರೊಬ್ಬರ ಮುಂದೆ ಹೊಗಳಿದರಂತೆ. ಆ ಹೊಗಳಿಕೆಯನ್ನು ಈ ಸಂಚಿಕೆಯ ಮೂಲಕ ಹಿಂದಿರುಗಿಸುವುದು ನನ್ನ ಕರ್ತವ್ಯ. ನಾನು ಓದುತ್ತಿರಲಿಲ್ಲ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡುತ್ತಿದ್ದೆ. ನ್ಯೂಯಾರ್ಕಿನ ಕಡೆ ಸಂಜೆ ಏಳಕ್ಕೆ ಆರಂಭವಾಗುವ ಆಟ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆಗೆ ಸಿಕ್ಕುತ್ತದೆ.

ನನಗೆ ಈ ಹುಚ್ಚು ಹತ್ತಿಸಿದವನು ದೊಡ್ಡಮ್ಮನ ಮಗ, ನನ್ನ ಅಣ್ಣ. ಅವನಿಗೆ ನ್ಯೂಜೆರ್ಸಿಯಲ್ಲಿ ಕೆಲಸ. 2018ರ ಮೇ ತಿಂಗಳಲ್ಲಿ ಆ ದೇಶದ ಸುಪ್ರೀಂ ಕೋರ್ಟು 1992ರ ಒಂದು ಕಾನೂನನ್ನು ರದ್ದುಮಾಡಿತು; ಮುಂದಿನ ತಿಂಗಳೇ ಅವನಿರುವ ರಾಜ್ಯದಲ್ಲಿ ಆಟಗಳ ಮೇಲೆ ಬಾಜಿ ಕಟ್ಟಲು ಅನುಮತಿ ದೊರೆಯಿತು. ನಮ್ಮಲ್ಲಾದರೋ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು. “ಲೋ, ನೀನು ಸಂಖ್ಯಾಶಾಸ್ತ್ರ ಓದುವವನು. ನನಗೊಂದು ಉಪಾಯ ಹುಡುಕಿಕೊಡೋ” ಎಂದು ಅಣ್ಣ ಫೋನಿನಲ್ಲಿ ಕೇಳಿದಾಗ ನನ್ನ ತಲೆ ಸ್ವಲ್ಪ ತಿರುಗಿದ್ದು ನಿಜ. ನನ್ನ ವಿದ್ಯೆಯನ್ನು ಅದುವರೆಗೆ ಯಾರೂ ಯಾವುದಕ್ಕೂ ಕೇಳಿರಲಿಲ್ಲ. ನಾನೊಂದು ಷರತ್ತು ಹಾಕಿದೆ: ನಲವತ್ತು ಬಾಜಿಗಳು, ದಿನಕ್ಕೊಂದರಂತೆ, ಕಾಗದದ ಮೇಲೆ ಮಾತ್ರ. “ಆಗಲಪ್ಪ ಮೇಷ್ಟ್ರೆ” ಎಂದನು.

ಈ ಬಾಜಿಯ ಬಗೆ ಹೊಸದು. ಆಟ ಆರಂಭವಾಗುವ ಮೊದಲು ಪಣವಿಟ್ಟು ಕೈಕಟ್ಟಿ ಕೂರುವುದಲ್ಲ. ಆಟ ನಡೆಯುತ್ತಿರುವಾಗಲೇ ಪಣ ಒಡ್ಡಬಹುದು. ಒಂದು ಬುಟ್ಟಿ ಬಿದ್ದರೆ ಬೆಲೆ ಏರುತ್ತದೆ, ಒಂದು ತಪ್ಪಿದರೆ ಇಳಿಯುತ್ತದೆ. ಇದಕ್ಕೆ ಬ್ಯಾಸ್ಕೆಟ್‌ಬಾಲಿನಷ್ಟು ಒಪ್ಪುವ ಆಟ ಇನ್ನೊಂದಿರಲಾರದು. ಪಂದ್ಯ ಹನ್ನೆರಡು ನಿಮಿಷದ ನಾಲ್ಕು ಭಾಗ, ಒಟ್ಟು 48 ನಿಮಿಷ. 1954ರಿಂದ ಇರುವ ನಿಯಮದಂತೆ ಚೆಂಡು ಹಿಡಿದ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಹೀಗಾಗಿ ಮನಸ್ಸು ನಿಲ್ಲಲು ಅವಕಾಶವೇ ಇಲ್ಲ.

ನಾನು ಮೂರು ಉಪಾಯಗಳನ್ನು ಕಂಡುಹಿಡಿದೆ. ಮೊದಲನೆಯದು: ಬಲವಾದ ತಂಡ ಮೊದಲ ಭಾಗದಲ್ಲಿ ಹತ್ತು ಹನ್ನೆರಡು ಅಂಕ ಹಿಂದೆ ಬಿದ್ದಾಗ ಅದರ ಪಕ್ಷ ವಹಿಸುವುದು. ಎರಡನೆಯದು: ಅಂಕಗಳು ರಾಶಿ ಬೀಳುತ್ತಿದ್ದರೆ ಕಾರಣ ನೋಡುವುದು. ತಂಡಗಳು ನಿಜವಾಗಿ ವೇಗವಾಗಿ ಆಡುತ್ತಿವೆಯೋ, ಅಥವಾ ದೂರದಿಂದ ಎಸೆದದ್ದೆಲ್ಲ ಅಂದಿನ ಮಟ್ಟಿಗೆ ಬುಟ್ಟಿಗೆ ಬೀಳುತ್ತಿದೆಯೋ? ಎರಡನೆಯದಾದರೆ ಒಟ್ಟು ಅಂಕ ಇಳಿಯುತ್ತದೆಂದು ಬಾಜಿ. ಮೂರನೆಯದು: ಕೊನೆಯ ನಿಮಿಷಗಳಲ್ಲಿ ಸೋಲುತ್ತಿರುವ ತಂಡ ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತದೆ, ಎದುರಾಳಿಗೆ ಫ್ರೀ ಥ್ರೋ ಸಿಕ್ಕಿ ಅಂಕ ಏರುತ್ತದೆ. ಅದನ್ನು ಮೊದಲೇ ಊಹಿಸುವುದು.

ಉಪಾಯಗಳು ಸುಳ್ಳಲ್ಲ. ಆದರೆ ನನಗೆ ತಿಳಿದದ್ದು ಬಾಜಿಯ ಕಂಪನಿಗೂ ತಿಳಿದಿರುತ್ತದೆ. ಬಲವಾದ ತಂಡ ಚೇತರಿಸಿಕೊಳ್ಳುವ ಸಂಭವವನ್ನು ಸೇರಿಸಿಯೇ ಅದರ ಯಂತ್ರ ಬೆಲೆ ಕಟ್ಟಿರುತ್ತದೆ. ಜೊತೆಗೆ, ನಾವು ನೋಡುವ ಚಿತ್ರ ಅಂಗಣದ ಆಟಕ್ಕಿಂತ ಕೆಲವು ಸೆಕೆಂಡು ಹಿಂದೆ. ನಾನು “ಈಗ!” ಎಂದು ಕೂಗುವ ಹೊತ್ತಿಗೆ ಆ ‘ಈಗ’ ಹಳತಾಗಿರುತ್ತಿತ್ತು.

ಒಬ್ಬ ಆಟಗಾರ ಸಾಲಾಗಿ ಬುಟ್ಟಿ ಹಾಕಿದರೆ “ಕೈ ಕಾದಿದೆ, ಮುಂದಿನದೂ ಬೀಳುತ್ತದೆ” ಎನ್ನುವುದು ಅಣ್ಣನ ಶ್ರದ್ಧೆ. ಅದು ಬರಿಯ ಭ್ರಮೆಯೆಂದು ಗಿಲೋವಿಚ್, ವ್ಯಾಲೋನ್, ಟ್ವೆರ್ಸ್ಕಿ ಎಂಬ ವಿದ್ವಾಂಸರು 1985ರಲ್ಲಿ ಬರೆದರು. ಆ ಲೆಕ್ಕದಲ್ಲೇ ಒಂದು ಸೂಕ್ಷ್ಮ ದೋಷವಿದೆಯೆಂದು 2018ರಲ್ಲಿ ಮಿಲ್ಲರ್ ಮತ್ತು ಸಂಜುರ್ಹೊ ತೋರಿಸಿದರು. ಪಂಡಿತರಿಗೆ 33 ವರ್ಷ ಹಿಡಿದ ವಿಷಯವನ್ನು ನಾವು ಅಣ್ಣತಮ್ಮಂದಿರು ಹತ್ತು ಸೆಕೆಂಡಿನಲ್ಲಿ ತೀರ್ಮಾನಿಸುತ್ತಿದ್ದೆವು.

ಇನ್ನು ಬೆಲೆಯ ಮಾತು. ಸಾಮಾನ್ಯವಾಗಿ 100 ಡಾಲರು ಗೆಲ್ಲಲು 110 ಡಾಲರು ಒಡ್ಡಬೇಕು. ನೂರು ಬಾಜಿಗಳಲ್ಲಿ ಐವತ್ತು ಗೆದ್ದವನು ಸಮನಾಗುವುದಿಲ್ಲ, ಸೋಲುತ್ತಾನೆ. ಅಸಲು ಉಳಿಯಬೇಕಾದರೂ ಶೇಕಡ 52.4ರಷ್ಟು ಗೆಲ್ಲಬೇಕು. ನಾನು ಈ ಬೆಲೆಯ ಬಾಜಿಗಳನ್ನಷ್ಟೇ ಆರಿಸಿ ಪುಸ್ತಕದಲ್ಲಿ ಬರೆಯುತ್ತ ಹೋದೆ.

ಸಂಕ್ರಾಂತಿಯ ಹಿಂದಿನ ದಿನ ನಲವತ್ತು ಮುಗಿಯಿತು. ಗೆಲುವು 21, ಸೋಲು 19. ಬಂದದ್ದು 2,100, ಹೋದದ್ದು 2,090. ಲಾಭ ಹತ್ತು ಡಾಲರು! ನಲವತ್ತು ಮುಂಜಾವುಗಳ ನಿದ್ದೆಗೆ ಇದು ದೊಡ್ಡ ಕೂಲಿಯಲ್ಲ. ಆದರೂ ಸೋಲಲಿಲ್ಲವೆಂಬ ಹೆಮ್ಮೆಯಿಂದ ಅಣ್ಣನಿಗೆ ಫೋನು ಮಾಡಿದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಡಿಸೆಂಬರಿನ ನಡುವಿನಿಂದಲೂ ಅವನು ಮಾತು ಕಡಿಮೆ ಮಾಡಿದ್ದನು. ಅಲ್ಲಿಯ ಚಳಿಯ ಕಾರಣವಿರಬೇಕೆಂದು ನಾನು ತಿಳಿದಿದ್ದೆ. ಕೊನೆಗೆ, “ನಾನು ಕಾಗದದ ಮೇಲೆ ಆಡಲಿಲ್ಲ ಕಣೋ” ಎಂದನು.

ಡಿಸೆಂಬರಿನಲ್ಲಿ ನನ್ನ ಪುಸ್ತಕದಲ್ಲಿ ಸಾಲಾಗಿ ಐದು ಸೋಲುಗಳಿವೆ. ನಲವತ್ತರಲ್ಲಿ ಐದು ಸಾಲಾಗಿ ಬರುವುದು ಅಪರೂಪವೇನಲ್ಲ. ಪಕ್ಕದಲ್ಲಿ ನಾನೇ ಹಾಗೆಂದು ಟಿಪ್ಪಣಿ ಬರೆದಿದ್ದೇನೆ. ನನಗೆ ಅವು 550 ಡಾಲರಿನ ಅಂಕೆಗಳು. ಅಣ್ಣ ಪ್ರತಿ ಸೋಲಿಗೂ ಪಣವನ್ನು ಇಮ್ಮಡಿ ಮಾಡಿದ್ದನು: 110, 220, 440, 880, 1,760. ಕೂಡಿದರೆ 3,410. ಆರನೆಯದಕ್ಕೆ 3,520 ಬೇಕಿತ್ತು, ಅವನಲ್ಲಿ ಇರಲಿಲ್ಲ. ಆರನೆಯದನ್ನು ನಾನು ಗೆದ್ದೆ, ಕಾಗದದ ಮೇಲೆ.

ಧರ್ಮರಾಯನ ಕಥೆಯನ್ನು ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಹೇಳಿದವಳು ದೊಡ್ಡಮ್ಮ. ಶಕುನಿಯ ಕಪಟದಿಂದ ಅವನು ಸೋತನೆಂದು ನಾವು ಅಂದು ಹಲ್ಲು ಕಡಿದಿದ್ದೆವು. ಇಲ್ಲಿ ಕಪಟವಿರಲಿಲ್ಲ. ಬೆಲೆಯನ್ನು ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಹೋದದ್ದನ್ನು ಇನ್ನೊಂದೇ ಆಟದಲ್ಲಿ ತರುತ್ತೇನೆನ್ನುವ ಮನಸ್ಸಿಗೆ ಶಕುನಿಯ ಅಗತ್ಯವಿಲ್ಲ. ಆ ಮನಸ್ಸನ್ನು ನನ್ನ ಲೆಕ್ಕದಲ್ಲಿ ನಾನು ಸೇರಿಸಿರಲಿಲ್ಲ. ಅಣ್ಣನ ಧ್ವನಿ ಬದಲಾದಾಗ ಕೇಳಬೇಕಿತ್ತು. ಮೇಷ್ಟ್ರಾದ ಸಂತೋಷದಲ್ಲಿ ಕೇಳಲಿಲ್ಲ. ಆ ಪಾಲು ನನ್ನದು.

ಆ ಹಣ ಊರಿನ ಮನೆಯ ಸೂರಿಗೆಂದು ಇಟ್ಟದ್ದು. ಸಂಕ್ರಾಂತಿಗೆ ನಾನು ಎಳ್ಳುಬೆಲ್ಲ ತಿನ್ನಲು ಹೋದಾಗ ಅಡಿಗೆಮನೆಯ ಹೆಂಚಿನ ಮೇಲೆ ಹಳೆಯ ಟಾರ್ಪಾಲು ಹಾಗೆಯೇ ಇತ್ತು. “ನಿಮ್ಮಣ್ಣನಿಗೆ ಈ ಸಲ ಏನೋ ಖರ್ಚು ಬಂತಂತೆ, ಮಗು. ಮಳೆಗಾಲದೊಳಗೆ ಕಳಿಸ್ತಾನಂತೆ” ಎಂದಳು ದೊಡ್ಡಮ್ಮ. ನಾನು ಎಳ್ಳನ್ನು ಅಗಿಯುತ್ತ ತಲೆಯಾಡಿಸಿದೆ.

ಅಣ್ಣ ಈಗ ಆಡುವುದಿಲ್ಲವೆಂದು ಹೇಳುತ್ತಾನೆ. ಪ್ರತಿ ಭಾನುವಾರ ಫೋನು ಮಾಡಿ ಕೇಳುತ್ತೇನೆ. ಬಾಯಿಮಾತಿಗೆ ತೃಪ್ತನಾಗದೆ, ತಿಂಗಳಿಗೆಷ್ಟು ಉಳಿಯಿತೆಂದೂ ಕೇಳುತ್ತೇನೆ. ಅವನು ಬೇಸರಿಸದೆ ಹೇಳುತ್ತಾನೆ. ಅದನ್ನು ಅದೇ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದೇನೆ. ಮಳೆಗಾಲಕ್ಕೆ ಇನ್ನೂ ಕೆಲವು ತಿಂಗಳಿವೆ.