ಮೌಸ್ ಮುಟ್ಟದ ಬೆರಳುಗಳು

ಕಂಪ್ಯೂಟರ್ ಕಲಿಯಬೇಕೆಂದರೆ ಕಣ್ಣು ಚೆನ್ನಾಗಿರಬೇಕು ಎಂದೇ ಹೆಚ್ಚಿನವರ ನಂಬಿಕೆ. ಮೌಸ್‌ನ ಬಾಣ ಎಲ್ಲಿದೆ ಎಂದು ಕಾಣದಿದ್ದರೆ ಏನು ಮಾಡಲು ಸಾಧ್ಯ? ನನ್ನ ಎರಡನೆಯ ಮಗಳಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಅವಳಿಗೆ ಕಂಪ್ಯೂಟರ್ ತರುತ್ತೇವೆ ಎಂದಾಗ ನೆಂಟರಿಷ್ಟರಲ್ಲಿ ಹಲವರು ಇದೇ ಪ್ರಶ್ನೆ ಕೇಳಿದ್ದರು. "ಆ ದುಡ್ಡಲ್ಲಿ ಅವಳಿಗೊಂದು ಚಿನ್ನದ ಬಳೆಯಾದರೂ ಮಾಡಿಸಿ" ಎಂದವರೂ ಇದ್ದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ನಮ್ಮ ನಂತರ ಅವಳ ಗತಿಯೇನು ಎಂಬ ಚಿಂತೆ ಅವರಿಗೂ ಇತ್ತು.

ಇಂದು ಅವಳು ಧ್ವನಿ ಸಂಕಲನ ಮಾಡುತ್ತಾಳೆ. ಯಾರೋ ಮಾಡಿದ ಪಾಠ, ಪ್ರವಚನ, ಮಕ್ಕಳ ಕಥೆಗಳ ರೆಕಾರ್ಡಿಂಗ್ ಅವಳಿಗೆ ಬರುತ್ತದೆ. ತಪ್ಪಿದ ಮಾತುಗಳನ್ನು ತೆಗೆದು, ಗದ್ದಲ ತಗ್ಗಿಸಿ, ಕೇಳಲು ಹಿತವಾಗುವಂತೆ ಜೋಡಿಸಿ ಕೊಡುತ್ತಾಳೆ. ಮೌಸನ್ನು ಮುಟ್ಟುವುದೇ ಇಲ್ಲ. ಎಲ್ಲವೂ ಕೀಬೋರ್ಡಿನಲ್ಲೇ.

ನೀವು ನಿಮ್ಮ ಮನೆಯ ಕೀಬೋರ್ಡನ್ನು ಒಮ್ಮೆ ಮುಟ್ಟಿ ನೋಡಿ. 'ಎಫ್' ಮತ್ತು 'ಜೆ' ಅಕ್ಷರಗಳ ಮೇಲೆ ಸಣ್ಣ ಉಬ್ಬು ಗೆರೆಗಳಿರುತ್ತವೆ. ನನಗೆ ಅದು ಗೊತ್ತಾದದ್ದು ಮಗಳಿಂದ. ಎರಡು ತೋರುಬೆರಳುಗಳನ್ನು ಅಲ್ಲಿಟ್ಟರೆ ಉಳಿದ ಕೀಗಳೆಲ್ಲ ಎಲ್ಲಿವೆಯೆಂದು ಬೆರಳುಗಳಿಗೇ ತಿಳಿಯುತ್ತದೆ. ಪರದೆಯ ಮೇಲಿರುವುದನ್ನು ಓದಿ ಹೇಳಲು ಎನ್‌ವಿಡಿಎ ಎಂಬ ತಂತ್ರಾಂಶವಿದೆ. 2006ರಲ್ಲಿ ಅದನ್ನು ಆರಂಭಿಸಿದವನು ಮೈಕೆಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಯುವಕ. ಬಳಿಕ ಅವನ ಜೊತೆಗೂಡಿದ ಜೇಮ್ಸ್ ಟೆ ಕೂಡ ಅಂಧನೇ. ತಮ್ಮಂಥವರಿಗೆ ಬೇಕಾದುದನ್ನು ತಾವೇ ಕಟ್ಟಿ, ಜಗತ್ತಿಗೆ ಉಚಿತವಾಗಿ ಕೊಟ್ಟರು. ಅದು ಕನ್ನಡವನ್ನೂ ಓದುತ್ತದೆ. ಉಚ್ಚಾರ ಸ್ವಲ್ಪ ಯಂತ್ರದಂತಿದ್ದರೂ ಅರ್ಥವಾಗುತ್ತದೆ.

ಅವಳು ಮೊದಲು ಕಲಿತದ್ದು ಆಡಾಸಿಟಿ. 2000ನೇ ಇಸವಿಯಿಂದ ಜನರ ಕೈಗೆ ಸಿಕ್ಕಿರುವ ಈ ತಂತ್ರಾಂಶವೂ ಉಚಿತ. ಸ್ಪೇಸ್ ಬಾರ್ ಒತ್ತಿದರೆ ಧ್ವನಿ ಕೇಳುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಬೇಕಾದಲ್ಲಿ ನಿಲ್ಲಿಸಿ ಕಂಟ್ರೋಲ್ ಜೊತೆ 'ಐ' ಒತ್ತಿದರೆ ಒಂದು ತುಣುಕು ಎರಡಾಗುತ್ತದೆ. ಹೀಗೆ ಸೀಳಿದಾಗ ಏನೂ ಕಳೆದುಹೋಗುವುದಿಲ್ಲ. ಬಟ್ಟೆಯನ್ನು ಕತ್ತರಿಸಿ ಎರಡೂ ತುಂಡುಗಳನ್ನು ಅಕ್ಕಪಕ್ಕದಲ್ಲಿಟ್ಟಂತೆ ಅಷ್ಟೇ. ತಪ್ಪಾಯಿತು ಎನಿಸಿದರೆ ಕಂಟ್ರೋಲ್ ಮತ್ತು 'ಝೆಡ್' ಒತ್ತಿದರಾಯಿತು, ಮೊದಲಿನಂತಾಗುತ್ತದೆ.

ಕಷ್ಟವಿರುವುದು ಎಲ್ಲಿ ಸೀಳಬೇಕು ಎಂಬುದರಲ್ಲಿ. ಮಾತಿನ ನಡುವೆ ಸೀಳಿ ಜೋಡಿಸಿದರೆ 'ಟಪ್' ಎಂಬ ಸದ್ದು ಬರುತ್ತದೆ. ಧ್ವನಿಯ ಅಲೆ ಮೇಲೆ ಕೆಳಗೆ ಹೋಗುವಾಗ ಸೊನ್ನೆಯ ಗೆರೆಯನ್ನು ದಾಟುವ ಜಾಗದಲ್ಲಿ ಸೀಳಿದರೆ ಆ ಸದ್ದು ಬರುವುದಿಲ್ಲವಂತೆ. ಆಡಾಸಿಟಿಯಲ್ಲಿ 'ಝೆಡ್' ಕೀಯೊಂದನ್ನೇ ಒತ್ತಿದರೆ ಹತ್ತಿರದ ಅಂಥ ಜಾಗವನ್ನು ಅದೇ ಹುಡುಕಿಕೊಡುತ್ತದೆ. ಜೊತೆಗೆ ಉಸಿರಿನ ಲೆಕ್ಕವೂ ಇದೆ. ಮಾತನಾಡುವವರು ಉಸಿರೆಳೆದುಕೊಳ್ಳುವ ಸದ್ದನ್ನೆಲ್ಲ ತೆಗೆದುಬಿಟ್ಟರೆ ಕೇಳುವವರಿಗೇ ಉಸಿರು ಕಟ್ಟಿದಂತಾಗುತ್ತದೆ ಎನ್ನುತ್ತಾಳೆ ಮಗಳು.

ಈಗ ಅವಳು ರೀಪರ್ ಎಂಬ ಇನ್ನೊಂದು ತಂತ್ರಾಂಶವನ್ನೂ ಬಳಸುತ್ತಾಳೆ. ಅದು ಸಂಗೀತಗಾರರ ನಡುವೆ ಹೆಸರಾದದ್ದು. ಅಲ್ಲಿ 'ಎಸ್' ಒಂದನ್ನೇ ಒತ್ತಿದರೆ ತುಣುಕು ಸೀಳುತ್ತದೆ. ಇಂಥ ಸಂಗೀತ ತಂತ್ರಾಂಶಗಳಲ್ಲಿ ಹಲವು, ಕಂಪ್ಯೂಟರಿನ ಕೀಬೋರ್ಡನ್ನೇ ಪಿಯಾನೋದಂತೆ ನುಡಿಸಲು ಬಿಡುತ್ತವೆ. ಆಗ ಅಕ್ಷರದ ಹಲವು ಕೀಗಳು ಸ್ವರಗಳಾಗುತ್ತವೆ. ಕತ್ತರಿಯಾಗಿದ್ದ ಕೀ ಹಾಡತೊಡಗುತ್ತದೆ! ಈಗ ಯಾವ ಕ್ರಮದಲ್ಲಿದ್ದೇವೆ ಎಂದು ಕಣ್ಣಿದ್ದವರು ಪರದೆ ನೋಡಿ ತಿಳಿಯುತ್ತಾರೆ. ಇವಳು ಕಿವಿಗೊಟ್ಟು ತಿಳಿಯಬೇಕು.

ವಾದ್ಯ ಸಂಗೀತದ ಬಗ್ಗೆ ನಮ್ಮ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಮಗಳ ಕೆಲಸವೆಲ್ಲ ಮನುಷ್ಯರ ಮಾತಿನದ್ದಾದ್ದರಿಂದ ಆ ಚರ್ಚೆ ನಮ್ಮ ಮನೆಯಲ್ಲಿ ಏಳಲಿಲ್ಲ.

ಅವಳ ಕೆಲಸದ ಬೆಲೆ ನನಗೆ ಸರಿಯಾಗಿ ತಿಳಿದದ್ದು ನನ್ನ ಉಮ್ಮ ತೀರಿಕೊಂಡ ಮೇಲೆ. ಉಮ್ಮ ಮೊಮ್ಮಕ್ಕಳಿಗೆ ಬ್ಯಾರಿ ಭಾಷೆಯಲ್ಲಿ ಹೇಳುತ್ತಿದ್ದ ಕಥೆಗಳನ್ನು ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು. ಸುಮಾರು ಎರಡು ಗಂಟೆ. ನಡುನಡುವೆ ಕುಕ್ಕರಿನ ಸೀಟಿ, ಕಾಗೆಗಳ ಕೂಗು, ಯಾರೋ ಬಾಗಿಲು ತಟ್ಟಿದ್ದು, ನಾನು ಅಡುಗೆಮನೆಯಿಂದ ಕರೆದದ್ದು ಎಲ್ಲವೂ ಇದ್ದವು. ತಮ್ಮಂದಿರು ಗಲ್ಫ್‌ನಿಂದ ಫೋನ್ ಮಾಡಿ, "ಅದನ್ನು ನಮಗೂ ಕಳಿಸು" ಎಂದರು.

ಅವಳು ಮೊದಲು ಮೂಲ ಕಡತದ ಪ್ರತಿ ತೆಗೆದು ಬೇರೆ ಕಡೆ ಭದ್ರಪಡಿಸಿದಳು. ಆಮೇಲೆ ಹಲವು ರಾತ್ರಿ ಇಶಾ ನಮಾಝಿನ ನಂತರ ಕುಳಿತು ಕಥೆಗಳನ್ನು ಒಂದೊಂದಾಗಿ ಬೇರ್ಪಡಿಸಿದಳು. ಇಯರ್‌ಫೋನಿನಲ್ಲಿ ಒಂದೆಡೆ ಅಜ್ಜಿಯ ಧ್ವನಿ, ಇನ್ನೊಂದೆಡೆ ಪರದೆ ಓದುವ ಯಂತ್ರದ ಧ್ವನಿ. ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡು ಬೆರಳು ಓಡಿಸುತ್ತಿದ್ದಳು. ಕುಕ್ಕರ್ ಹೋಯಿತು, ಕಾಗೆ ಹೋಯಿತು. ಆದರೆ ಒಂದು ಕಡೆ ಉಮ್ಮ ಕೆಮ್ಮಿ, ನೀರು ಕುಡಿದು, "ಎಲ್ಲಿಗೆ ನಿಲ್ಲಿಸಿದ್ದೆ?" ಎಂದು ಕೇಳುವ ಭಾಗವನ್ನು ಹಾಗೆಯೇ ಉಳಿಸಿದ್ದಳು.

"ಇದನ್ನೂ ತೆಗೆಯಬಹುದಿತ್ತಲ್ಲ?" ಎಂದೆ.

"ಉಮ್ಮಾ, ನಿಮಗೆ ಅಜ್ಜಿಯ ಫೋಟೋ ಇದೆ. ನನಗೆ ಇರುವುದು ಇದೇ" ಎಂದಳು.

ನಾನು ಮತ್ತೇನೂ ಹೇಳಲಿಲ್ಲ.

ಪ್ರವಾದಿ(ಸ)ರ ಸಂಗಾತಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅಂಧರಾಗಿದ್ದರು. ಕುರ್‌ಆನಿನ 'ಅಬಸ' ಅಧ್ಯಾಯದ ಆರಂಭದ ಸೂಕ್ತಗಳು ಅವರಿಗೆ ಸಂಬಂಧಿಸಿದವು. ಕಲಿಯಬೇಕೆಂದು ತಾವಾಗಿ ಬಂದ ಅಂಧ ವ್ಯಕ್ತಿಗೆ ಅಲ್ಲಾಹನ ಬಳಿ ಎಷ್ಟು ಬೆಲೆಯಿದೆ ಎಂಬುದು ಅಲ್ಲಿ ವ್ಯಕ್ತವಾಗಿದೆ. ಬಿಲಾಲ್(ರ)ರಂತೆ ಅವರೂ ಮದೀನಾದಲ್ಲಿ ಅದಾನ್ ಕೊಡುತ್ತಿದ್ದರು. ಸಮುದಾಯ ಅವರಿಗೆ ಮರುಕ ತೋರಿ ಸುಮ್ಮನಾಗಲಿಲ್ಲ, ಹೊಣೆ ಕೊಟ್ಟಿತು.

ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ. ದುಬಾರಿ ಯಂತ್ರವೇನೂ ಬೇಡ. ಸಾಧಾರಣ ಕಂಪ್ಯೂಟರ್, ಒಂದು ಇಯರ್‌ಫೋನ್ ಮತ್ತು ಕಲಿಸುವವರೊಬ್ಬರು ಸಿಕ್ಕರೆ ಸಾಕು. ಮಗು ಕೀ ಹುಡುಕಿ ತಡವರಿಸುವಾಗ ಅದರ ಕೈ ಹಿಡಿದು ನೀವೇ ಒತ್ತಬೇಡಿ, ಸ್ವಲ್ಪ ಕಾಯಿರಿ.

ಕಳೆದ ರಮಝಾನ್‌ನಲ್ಲಿ ಮಗಳು ತನ್ನ ದುಡಿಮೆಯಿಂದ ಮೊದಲ ಸಲ ತಾನೇ ಝಕಾತಿನ ಲೆಕ್ಕ ಹಾಕಿದಳು. ಅಲ್‌ಹಮ್ದುಲಿಲ್ಲಾಹ್. ನಮ್ಮ ನಂತರ ಇವಳ ಗತಿಯೇನು ಎಂದು ಕೇಳುತ್ತಿದ್ದವರಿಗೆ ನಾನೀಗ ಇದನ್ನೇ ಹೇಳುತ್ತೇನೆ.