ಕಿವಿಗೊಡುವ ಮುನ್ನ

ಮದುವೆಮನೆಯಲ್ಲಿ ಮುಂದಿನ ಪಂಕ್ತಿಗೆ ಕಾಯುತ್ತ ಕೂತಾಗ ಪಕ್ಕದ ಕುರ್ಚಿಗೆ ಯಾರಾದರೂ ಬಂದು, "ಒಂದು ಒಳ್ಳೇ ಹೆಡ್‌ಫೋನ್ ಯಾವುದು ಹೇಳಿ ನೋಡೋಣ" ಎನ್ನುವುದುಂಟು. ರೇಡಿಯೊ, ಟೇಪ್‌ರೆಕಾರ್ಡರ್ ಅಂತ ಹುಡುಗಾಟದ ದಿನಗಳಿಂದಲೂ ಅವುಗಳ ಹಿಂದೆ ಬಿದ್ದವನೆಂದು ನಂಟರಿಷ್ಟರಲ್ಲಿ ನನಗೊಂದು ಹೆಸರಿದೆ. ಅದರ ಫಲ ಇದು. ಒಳ್ಳೇ ಚಪ್ಪಲಿ ಯಾವುದು ಎಂದು ಯಾರೂ ಯಾರನ್ನೂ ಹೀಗೆ ಕೇಳುವುದಿಲ್ಲ. ಮದುವೆಗೋ ಗದ್ದೆಗೋ ಬಚ್ಚಲಿಗೋ ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಹೆಡ್‌ಫೋನಿನ ವಿಷಯಕ್ಕೆ ಬಂದರೆ ಮಾತ್ರ ಎಲ್ಲರಿಗೂ ಲೋಕದಲ್ಲೇ ಅತ್ಯುತ್ತಮವಾದದ್ದು ಬೇಕು, ಅದೂ ಎರಡು ಸಾವಿರದೊಳಗೆ.

ಉತ್ತರ ಹೇಳುವ ಬದಲು ನಾನೊಂದು ಮರುಪ್ರಶ್ನೆ ಹಾಕುತ್ತೇನೆ: "ನಿಮಗೆ ಏನು ಕೇಳಿಸಬಾರದು?"

ಬಂದವರು ನನ್ನ ಮುಖ ನೋಡುತ್ತಾರೆ. ನೋಡಲಿ. ಕೇಳುವುದಕ್ಕಾಗಿ ಹೆಡ್‌ಫೋನ್ ಕೊಳ್ಳುವವರು ಕಡಿಮೆ, ಕೇಳಿಸಿಕೊಳ್ಳದೆ ಇರುವುದಕ್ಕಾಗಿ ಕೊಳ್ಳುವವರೇ ಹೆಚ್ಚು ಎಂಬುದು ನಾನು ಕಂಡುಕೊಂಡ ಸತ್ಯ. ಬಸ್ಸಿನ ಎಂಜಿನ್ನು, ಆಫೀಸಿನ ಎ.ಸಿ., ಮಹಡಿ ಮನೆಯ ಟೈಲ್ಸ್ ಕೆಲಸ, ಮನೆಯವರು ನೋಡುವ ಧಾರಾವಾಹಿ, ಕೆಲವೊಮ್ಮೆ ಮನೆಯವರೇ. ಯಾವ ಸದ್ದನ್ನು ಹೊರಗಿಡಬೇಕು, ಯಾವುದನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದೊಂದು ಗೊತ್ತಾದರೆ ಅಂಗಡಿಯ ಮುಕ್ಕಾಲು ಪಾಲು ಡಬ್ಬಿಗಳನ್ನು ಮುಟ್ಟಿ ನೋಡುವ ಅಗತ್ಯವೇ ಇರುವುದಿಲ್ಲ.

ನಮ್ಮೂರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ತಾಳಮದ್ದಳೆ ಎಂದರೆ ಪ್ರಾಣ. ರಾತ್ರಿ ಊಟ ಮುಗಿಸಿ, ಕವಳ ಹಾಕಿ, ಕರ್ಣಭೇದನವನ್ನೋ ವಾಲಿವಧೆಯನ್ನೋ ಮೊಬೈಲಿನಲ್ಲಿ ಹಚ್ಚಿಕೊಂಡು ಕೂತರೆಂದರೆ ಅರ್ಧರಾತ್ರಿಯವರೆಗೆ ಏಳುವವರಲ್ಲ. ಅಮ್ಮನವರಿಗೆ ನಿದ್ದೆಗೇಡು. ಅಮೆರಿಕದಲ್ಲಿರುವ ಮಗ ಈ ವ್ಯಾಜ್ಯ ತೀರಿಸಲೆಂದು ಭಾರಿ ಬೆಲೆಯ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಂದುಕೊಟ್ಟ. ವಾರ ಕಳೆಯುವುದರೊಳಗೆ ಮೇಷ್ಟ್ರು ಅದನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಜಗಲಿಗೆ ಬಂದರು. "ಇದೆಂಥದು ಮಾರಾಯ್ರೆ, ಹಾಕಿಕೊಂಡ ಕೂಡಲೇ ಕಿವಿ ಕಟ್ಟಿದ ಹಾಗಾಗ್ತದೆ. ಜೀರುಂಡೆ ಸದ್ದು ಮಾತ್ರ ಇದ್ದ ಹಾಗೇ ಇದೆ!"

ಮಲೆನಾಡಿನಲ್ಲಿ ರಾತ್ರಿ ಹತ್ತರ ಮೇಲೆ ಅಳಿಸಿಹಾಕಲು ಜೀರುಂಡೆ ಬಿಟ್ಟರೆ ಬೇರೆ ಯಾವ ಸದ್ದಿದೆ? ಅದನ್ನು ಅಳಿಸುವುದು ಈ ಯಂತ್ರದ ಕೈಲಾಗದು. ಅದರ ಹುಟ್ಟೇ ಬೇರೆ ಕಡೆ, ಬೇರೆ ಗದ್ದಲದ ನಡುವೆ. 1978ರಲ್ಲಿ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದರು. ಬ್ರಿಟಿಷರ ಕಣ್ಣು ತಪ್ಪಿಸಿ ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕ್ರಾಂತಿಕಾರಿಯೊಬ್ಬರ ಮಗ ಇವರು; ಎಂ.ಐ.ಟಿ.ಯಲ್ಲಿ ಪ್ರೊಫೆಸರು, ಜೊತೆಗೆ ಸ್ಪೀಕರ್ ಕಂಪನಿಯ ಒಡೆಯರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಎಂಜಿನ್ನಿನ ಮೊರೆತದಲ್ಲಿ ಸಂಗೀತವೆಲ್ಲ ಮುಳುಗಿಹೋಯಿತು. ಬೇರೆಯವರಾಗಿದ್ದರೆ ಗಗನಸಖಿಗೆ ದೂರು ಹೇಳಿ ನಿದ್ದೆ ಹೋಗುತ್ತಿದ್ದರು. ಇವರು ಕಾಗದ ತೆಗೆದು ಲೆಕ್ಕ ಹಾಕುತ್ತ ಕೂತರು. ಸದ್ದಿಗೆ ಎದುರುಸದ್ದು ಬಿಟ್ಟು ಎರಡನ್ನೂ ಅಳಿಸಬಹುದೆಂಬ ಉಪಾಯಕ್ಕೆ ಪಾಲ್ ಲ್ಯೂಗ್ ಎಂಬ ಜರ್ಮನ್ 1936ರಷ್ಟು ಹಿಂದೆಯೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದನ್ನು ಕಿವಿಯ ಬಟ್ಟಲೊಳಗೆ ಕೂರಿಸಿ, ಪೈಲಟ್ಟುಗಳ ತಲೆಗೆ ತೊಡಿಸಿ ಮಾರಾಟಕ್ಕೆ ತರುವ ಹೊತ್ತಿಗೆ ಬೋಸರಿಗೆ 1989 ಬಂತು. ಹನ್ನೊಂದು ವರ್ಷ!

ಕೆಲಸದ ರೀತಿ ಸರಳ. ಹೊರಗೊಂದು ಪುಟ್ಟ ಮೈಕು ಗದ್ದಲವನ್ನು ಹಿಡಿಯುತ್ತದೆ, ಒಳಗಿನ ಸರ್ಕ್ಯೂಟು ಅದಕ್ಕೆ ತದ್ವಿರುದ್ಧವಾದ ಅಲೆ ಮಾಡಿ ಬಿಡುತ್ತದೆ, ಒಂದರ ಏರು ಇನ್ನೊಂದರ ಇಳಿತಕ್ಕೆ ಸೇರಿ ಎರಡೂ ಸಪಾಟು. ಆದರೆ ಹೊಂದಿಕೆ ಕೂದಲೆಳೆಯಷ್ಟು ತಪ್ಪಿದರೂ ಲೆಕ್ಕ ಕೆಡುತ್ತದೆ. 100 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ. ಅದರ ಜೊತೆ ಹೊಂದಿಕೊಳ್ಳಲು ಬೇಕಾದಷ್ಟು ಅವಕಾಶವಿದೆ. 4000 ಹರ್ಟ್ಸ್‌ನ ಕೀರಲು ಸದ್ದಿನ ಅಲೆ 9 ಸೆಂಟಿಮೀಟರೂ ಇಲ್ಲ. ಅದರ ಬೆನ್ನು ಹತ್ತುವುದು ಕಷ್ಟ. ಹಾಗಾಗಿ ರಾತ್ರಿ ಬಸ್ಸಿನ ಡೀಸೆಲ್ ಎಂಜಿನ್ನು, ಫ್ಯಾನು, ವಿಮಾನ ಇವುಗಳ ಮೇಲೆ ಇದರ ಆಟ ಚೆನ್ನಾಗಿ ನಡೆಯುತ್ತದೆ. ಜೀರುಂಡೆ, ಕುಕ್ಕರಿನ ವಿಷಲ್, ಮಗುವಿನ ಅಳು, ಎದುರುಮನೆಯ ನಾಯಿ, ಇವುಗಳ ಮುಂದೆ ಅಷ್ಟಕ್ಕಷ್ಟೆ. ಸಂಬಳದ ಅರ್ಧ ಸುರಿದು ತಂದು, "ಹೆಂಡತಿ ಮಾತು ಇನ್ನೂ ಕೇಳಿಸ್ತದಲ್ರೀ" ಎಂದು ಗೋಳಾಡುವವರು ಇಷ್ಟನ್ನು ಮೊದಲೇ ತಿಳಿದಿರಬೇಕು.

ಮೇಷ್ಟ್ರಿಗೆ ಬೇಕಾದದ್ದು ಮೌನದ ಮನೆಯಲ್ಲಿ ಕೇಳುವ ಹೆಡ್‌ಫೋನ್. ಅಂಥ ಕಡೆಗೆ ನನ್ನ ಮೊದಲ ಆಯ್ಕೆ ಓಪನ್ ಬ್ಯಾಕ್, ಅಂದರೆ ಕಿವಿಬಟ್ಟಲಿನ ಬೆನ್ನಿಗೆ ಮುಚ್ಚಳದ ಬದಲು ಜಾಲರಿ ಇರುವಂಥದು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹಳದಿ ಸ್ಪಂಜಿನ ಎಚ್‌.ಡಿ. 414 ಎಂಬುದನ್ನು ತಂದು ಈ ದಾರಿ ತೆರೆಯಿತು. ಗಾಳಿ ಒಳಗೆ ಹೊರಗೆ ಓಡಾಡುವುದರಿಂದ ಸದ್ದು ಬಟ್ಟಲೊಳಗೆ ಗುಮ್ಮೆನ್ನದು. ತಂಬೂರಿ ಕೋಣೆಯಲ್ಲೇ ಎಲ್ಲೋ ಮಿಡಿಯುತ್ತಿದೆ ಅನ್ನಿಸುತ್ತದೆ. ಆದರೆ ಜಾಲರಿ ಎಂದಮೇಲೆ ಒಳಗಿನದೂ ಹೊರಗೆ ಸೋರುತ್ತದೆ. ಕರ್ಣನ ಗೋಳು ಅಮ್ಮನವರ ಹಾಸಿಗೆಯವರೆಗೂ ಹೋದರೆ ವ್ಯಾಜ್ಯ ಮತ್ತೆ ಶುರು. ಕಡೆಗೆ ಬೆನ್ನು ಮುಚ್ಚಿದ, ಹಗುರವಾದ, ವೈರಿನ ಒಂದನ್ನು ಆರಿಸಿದೆವು. ಆರಿಸುವಾಗ ನಾವು ಹೆಚ್ಚು ಹೊತ್ತು ನೋಡಿದ್ದು ಸದ್ದನ್ನಲ್ಲ, ಮೇಷ್ಟ್ರ ಕನ್ನಡಕವನ್ನು. ಕನ್ನಡಕದ ಕಡ್ಡಿ ಬಟ್ಟಲಿನ ಮೆತ್ತೆಯಡಿ ಸಿಕ್ಕಿ ಕಿವಿಯ ಮೇಲ್ತುದಿಯನ್ನು ಒತ್ತುತ್ತದೆ. ಐದು ನಿಮಿಷಕ್ಕೆ ಗೊತ್ತಾಗದು. ವಾಲಿ ಬೀಳುವ ಹೊತ್ತಿಗೆ ಗೊತ್ತಾಗುತ್ತದೆ. ಮೆತ್ತೆ ತುಂಬ ಮೃದುವಾಗಿ, ತಲೆಯ ಪಟ್ಟಿ ಬಿಗಿಯಾಗದೆ ಇರಬೇಕು.

ಹಳೆಯ ರೆಕಾರ್ಡಿಂಗುಗಳ ವಿಷಯದಲ್ಲಿ ಇನ್ನೊಂದು ತಮಾಷೆ. ಒಂದೇ ಮೈಕಿನಲ್ಲಿ ಹಿಡಿದದ್ದಾದರೆ ಎರಡೂ ಕಿವಿಗೆ ಒಂದೇ ಸದ್ದು ಹೋಗಿ ಭಾಗವತರು ನೆತ್ತಿಯ ಒಳಗೇ ಕೂತು ಹಾಡುತ್ತಿದ್ದಾರೆ ಅನ್ನಿಸುತ್ತದೆ. ಅದು ಹೆಡ್‌ಫೋನಿನ ದೋಷವಲ್ಲ, ಸಾವಿರ ಕೊಟ್ಟರೂ ಲಕ್ಷ ಕೊಟ್ಟರೂ ಭಾಗವತರು ಅಲ್ಲಿಂದ ಇಳಿಯುವುದಿಲ್ಲ. ಚೆಂಡೆಯ ಬಗ್ಗೆ ಮಾತ್ರ ಎಚ್ಚರ. ಮಾತು ಸಣ್ಣಗಿದೆಯೆಂದು ವಾಲ್ಯೂಮ್ ಏರಿಸಿಕೊಂಡು ಕೂತಿರುತ್ತೀರಿ, ಚೆಂಡೆಯ ಪೆಟ್ಟು ಒಮ್ಮೆಲೇ ಕಿವಿಗೆ ಬೀಳುತ್ತದೆ.

ವಾಲ್ಯೂಮಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರ ಕಿವಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಮಿತಿ. ಅಲ್ಲಿಂದ ಮೇಲೆ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ಒಳಗಿವಿಯ ಸೂಕ್ಷ್ಮ ಕೂದಲು ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಗದ್ದಲದ ಬಸ್ಸಿನಲ್ಲಿ ಸಡಿಲವಾದ ಇಯರ್‌ಫೋನ್ ಸಿಕ್ಕಿಸಿಕೊಂಡವನು ಎಂಜಿನ್ನಿಗೆ ಪೈಪೋಟಿ ಕೊಡುತ್ತ ವಾಲ್ಯೂಮ್ ಏರಿಸುತ್ತ ಹೋಗುತ್ತಾನೆ. ಹೊರಗಿನ ಸದ್ದನ್ನು ತಡೆಯುವ ಹೆಡ್‌ಫೋನಿನ ದೊಡ್ಡ ಉಪಕಾರ ಇಲ್ಲಿದೆ: ಸಣ್ಣ ಸದ್ದಿನಲ್ಲೇ ಕೆಲಸ ನಡೆಯುತ್ತದೆ.

ಕಿವಿಯೊಳಗೆ ತೂರಿಸುವ ಇಯರ್‌ಬಡ್ಡುಗಳಲ್ಲಿ ಈ ಉಪಕಾರವೆಲ್ಲ ತುದಿಯ ರಬ್ಬರ್ ಟೋಪಿಯ ಕೈಯಲ್ಲಿದೆ. ಡಬ್ಬಿಯೊಳಗೆ ಚಿಕ್ಕದು ದೊಡ್ಡದು ಎಂದು ಇನ್ನೆರಡು ಜೊತೆ ಇಟ್ಟಿರುತ್ತಾರೆ. ಆ ಪುಟ್ಟ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿದವರನ್ನು ನಾನು ನೋಡಿದ್ದು ಅಪರೂಪ. ಟೋಪಿ ಸರಿಯಾಗಿ ಕೂರದಿದ್ದರೆ ಮೊದಲು ಸೋರಿಹೋಗುವುದು ತಗ್ಗಿನ ನಾದ. ಮೃದಂಗದ ಎಡಮುಖ ಗುಮ್ಮೆನ್ನದೆ ಬರೀ ಬಲಮುಖದ ಟಣಟಣ ಕೇಳುತ್ತಿದ್ದರೆ, ಹೆಡ್‌ಫೋನನ್ನು ಬಯ್ಯುವ ಮೊದಲು ಟೋಪಿ ಬದಲಿಸಿ ನೋಡಿ. ಎಡಗಿವಿಗೊಂದು ಅಳತೆ, ಬಲಗಿವಿಗೊಂದು ಅಳತೆ ಬೇಕಾದರೂ ಆಶ್ಚರ್ಯವಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗಳ ಸಮಸ್ಯೆ ಬೇರೆ. "ಚಿಕ್ಕಪ್ಪ, ಹಾಡು ಕೇಳುವಾಗ ಚೆನ್ನಾಗೇ ಇರತ್ತೆ, ಮೀಟಿಂಗ್ ಶುರುವಾದ ಕೂಡ್ಲೇ ಧ್ವನಿಯೆಲ್ಲ ಕೆಟ್ಟೋಗತ್ತೆ. ವಾಪಸ್ ಕೊಟ್ಬಿಡ್ಲಾ?" ಕೊಡಬೇಕಾಗಿರಲಿಲ್ಲ. ಬ್ಲೂಟೂತ್ ಹಾಡು ತರುವಾಗ ಒಂದು ದಾರಿ, ಮೈಕು ಶುರುವಾದರೆ ಇನ್ನೊಂದು ದಾರಿ. ಎರಡನೆಯದು ಮಾತಿಗೆಂದು ಮಾಡಿದ್ದು. ಹೋಗುವ ಬರುವ ಧ್ವನಿ ಎರಡಕ್ಕೂ ಅಷ್ಟರಲ್ಲೇ ಜಾಗ ಆಗಬೇಕಾದ್ದರಿಂದ ಗುಣಮಟ್ಟ ಟೆಲಿಫೋನಿನ ಮಟ್ಟಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಸೆಟ್ಟಿಂಗಿನಲ್ಲಿ ಮೈಕನ್ನು ಲ್ಯಾಪ್‌ಟಾಪಿನದ್ದೇ ಇರಿಸಿ, ಕೇಳುವುದಕ್ಕೆ ಮಾತ್ರ ಹೆಡ್‌ಫೋನ್ ಆರಿಸಿಕೊಂಡರೆ ಸರಿಹೋಗುತ್ತದೆ. ದಿನವಿಡೀ ಮೀಟಿಂಗೇ ಕಸುಬಾದವರಿಗೆ ಬಾಯಿಯ ಹತ್ತಿರ ಮೈಕಿನ ಕಡ್ಡಿ ಚಾಚಿದ, ಯು.ಎಸ್‌.ಬಿ. ವೈರಿನ ಹೆಡ್‌ಸೆಟ್ಟೇ ಲೇಸು. ನೋಡಲು ಕಾಲ್ ಸೆಂಟರಿನ ಹಾಗೆ ಕಾಣುತ್ತದೆ ಎಂದು ಹುಡುಗಿ ಮೂಗು ಮುರಿದಳು. ಕಾಣಲಿ ಬಿಡು ಎಂದೆ, ಅಲ್ಲಿಯವರೂ ಯೋಚನೆ ಮಾಡಿಯೇ ಅದನ್ನು ಹಾಕಿಕೊಂಡಿರುವುದು.

ಅವಳ ತಮ್ಮ ಕೀಬೋರ್ಡ್ ಕಲಿಯುತ್ತಾನೆ, ಕಲಿಯದ ಹೊತ್ತಿನಲ್ಲಿ ಗೇಮ್ ಆಡುತ್ತಾನೆ. ಎರಡಕ್ಕೂ ವೈರ್‌ಲೆಸ್ ಬೇಡವೇ ಬೇಡ. ಬ್ಲೂಟೂತಿನಲ್ಲಿ ಸದ್ದು ಕಿವಿ ಮುಟ್ಟುವುದು ಒಂದಿಷ್ಟು ತಡ. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಫೋನು ಚಿತ್ರವನ್ನೂ ಅಷ್ಟೇ ತಡೆದು ತುಟಿಗೂ ಮಾತಿಗೂ ತಾಳ ಹಾಕಿಸುತ್ತದೆ. ನಿಮ್ಮ ಬೆರಳು ಯಾವಾಗ ಯಾವ ಮನೆ ಒತ್ತುತ್ತದೆಂದು ಮೊದಲೇ ತಿಳಿಯುವ ಫೋನು ಇನ್ನೂ ಬಂದಿಲ್ಲ. ಒತ್ತಿದ್ದು 'ಸ', ಕೇಳುವುದು ಆಮೇಲೆ. ತಾಳ ಕಲಿಯುವ ಹುಡುಗನಿಗೆ ಇದಕ್ಕಿಂತ ಕೆಟ್ಟ ಗುರು ಬೇಕೆ?

ಇನ್ನು ನಮ್ಮ ಮನೆಯಾಕೆ. ಅವಳಿಗೆ ಅಡುಗೆ ಮಾಡುತ್ತ ಪ್ರವಚನ, ಕಥೆ ಕೇಳಬೇಕು. ಕುಕ್ಕರಿನ ಮೂರನೇ ವಿಷಲ್ ತಪ್ಪಬಾರದು, ಬಾಗಿಲ ಬೆಲ್ ತಪ್ಪಬಾರದು, ನಾನು ಕೂಗಿದ್ದು ಮಾತ್ರ ತಪ್ಪಿದರೆ ಅಡ್ಡಿಯಿಲ್ಲ. "ರೀ, ಕಿವಿ ಮುಚ್ಚೋದು ಬೇಡ, ಕೇಳಿಸ್ಬೇಕು, ಅಂಥದ್ದೇನಾದ್ರೂ ಇದ್ಯಾ?" ಇದೆ. ಬೋನ್ ಕಂಡಕ್ಷನ್ ಎಂದು, ಕಿವಿಯ ಮುಂದೆ ಕೆನ್ನೆಮೂಳೆಗೆ ಆತುಕೊಂಡು ಮೂಳೆಯನ್ನೇ ಕಂಪಿಸಿ ಸದ್ದು ಮುಟ್ಟಿಸುತ್ತದೆ. ಕಿವಿ ತೆರೆದೇ ಇರುತ್ತದೆ. ತಗ್ಗಿನ ನಾದ ಬಡಕಲು, ಆದ್ದರಿಂದ ಕಛೇರಿ ಕೇಳಲು ಇದು ಅಲ್ಲ. ಮಾತಿಗೆ, ಬೆಳಗಿನ ವಾಕಿಂಗಿಗೆ, ರಸ್ತೆಯ ಮೇಲೆ ಓಡುವವರಿಗೆ ಇದರಷ್ಟು ಕ್ಷೇಮ ಬೇರೆಯಿಲ್ಲ. ಬೆವರುವವರು ಡಬ್ಬಿಯ ಮೇಲೆ ಐ.ಪಿ.ಎಕ್ಸ್. 4 ಅಥವಾ ಅದಕ್ಕಿಂತ ದೊಡ್ಡ ಅಂಕಿ ಇದೆಯೇ ನೋಡಿಕೊಳ್ಳಲಿ. 4 ಎಂದರೆ ನೀರಿನ ಸಿಡಿತಕ್ಕೆ ಅಡ್ಡಿಯಿಲ್ಲವೆಂದು.

ಹೀಗೆ ಒಬ್ಬೊಬ್ಬರೂ ಒಂದೊಂದು ಸಿಕ್ಕಿಸಿಕೊಂಡು ಕೂತರೆ ಮನೆಯಲ್ಲಿ ಮಾತಿಗೇನು ಗತಿ ಎಂಬ ಚಿಂತೆ ಹೊಸದಲ್ಲ. 1979ರಲ್ಲಿ ಸೋನಿ ಕಂಪನಿ ವಾಕ್‌ಮನ್ ತಂದಾಗ ಅದರ ಮುಖ್ಯಸ್ಥ ಅಕಿಯೊ ಮೊರಿಟಾ ಅವರಿಗೂ ಒಬ್ಬನೇ ಕೇಳುವುದು ಅಸಭ್ಯವೆಂದು ಅಳುಕಿತ್ತು. ಅದಕ್ಕೇ ಮೊದಲ ವಾಕ್‌ಮನ್ನಿಗೆ ಎರಡು ಹೆಡ್‌ಫೋನ್ ಸಿಕ್ಕಿಸುವ ಎರಡು ತೂತು, ಜೊತೆಗೊಂದು ಕಿತ್ತಳೆ ಬಣ್ಣದ ಗುಂಡಿ. ಗುಂಡಿ ಒತ್ತಿದರೆ ಹಾಡು ತಗ್ಗಿ ಮೈಕಿನ ಮೂಲಕ ಇಬ್ಬರೂ ಮಾತಾಡಿಕೊಳ್ಳಬಹುದಿತ್ತು. ಜನಕ್ಕೆ ಅದೇನೂ ಬೇಕಾಗಿರಲಿಲ್ಲ. ಮುಂದೆ ಬಂದ ವಾಕ್‌ಮನ್ನುಗಳಲ್ಲಿ ಗುಂಡಿ ಮಾಯವಾಯಿತು. ಅದಕ್ಕೂ ಹಿಂದೆ, 1881ರಲ್ಲಿ, ಪ್ಯಾರಿಸ್ಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮೆಂ ಅದೆರ್ ಎಂಬಾತ ಒಪೇರಾದ ರಂಗದಿಂದ ಟೆಲಿಫೋನ್ ತಂತಿ ಎಳೆದಿದ್ದ. ಜನ ಎರಡು ಕಿವಿಗೆ ಎರಡು ಟೆಲಿಫೋನ್ ಹಿಡಿದು, ಮುಗಿಬಿದ್ದು ಸಂಗೀತ ಕೇಳಿದರು. ಗುಂಪಿನಲ್ಲಿ ನಿಂತೂ ಒಬ್ಬೊಬ್ಬರೇ ಕೇಳುವ ಚಾಳಿ ಅಷ್ಟು ಹಳೆಯದು.

ಡಬ್ಬಿಯ ಮೇಲಿನ ಅಂಕಿಗಳಿಗೆ ಮರುಳಾಗಬೇಡಿ. 20ರಿಂದ 20,000 ಹರ್ಟ್ಸ್ ಎಂದು ಬೆಂಗಳೂರಿನ ಎಸ್‌.ಪಿ. ರಸ್ತೆಯ ನೂರೈವತ್ತು ರೂಪಾಯಿಯ ಡಬ್ಬಿಯ ಮೇಲೂ ಇರುತ್ತದೆ. ಐವತ್ತು ದಾಟಿದವರ ಕಿವಿ ಅದರ ಮೇಲ್ತುದಿಯನ್ನು ಎಂದೋ ಬಿಟ್ಟುಕೊಟ್ಟಿರುತ್ತದೆ. ನೋಡಬೇಕಾದ ಅಂಕಿ ಒಂದಿದೆ, ಓಮ್. 16, 32 ಓಮಿನವು ಮೊಬೈಲಿಗೆ ಸಲೀಸು. 250, 300 ಓಮಿನ ಸ್ಟುಡಿಯೊ ಸರಕನ್ನು ಫೋನಿಗೆ ಸಿಕ್ಕಿಸಿದರೆ ಪಿಸುಗುಟ್ಟುತ್ತದೆ, ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು.

ಬಾಳಿಕೆಯ ಮಾತು ಬಂದರೆ ನನ್ನ ಓಟು ವೈರಿಗೇ. ಇಯರ್‌ಬಡ್ಡಿನೊಳಗಿನ ಬ್ಯಾಟರಿ ಕಡಲೆಕಾಳಿನಷ್ಟು. ಎರಡು ಮೂರು ವರ್ಷ ಕಳೆದ ಮೇಲೆ ಅದರ ಕಸುವು ಇಳಿಯುತ್ತದೆ, ಬದಲಿಸಿ ಕೊಡುವವರು ಸಿಗುವುದು ಕಷ್ಟ. ವೈರಿನದ್ದು ಕೆಡುವುದು ಸಾಮಾನ್ಯವಾಗಿ ಪಿನ್ನಿನ ಬುಡದಲ್ಲಿ. ವೈರು ಬಿಚ್ಚಿ ಹಾಕುವಂಥದ್ದಾದರೆ ಹೊಸ ವೈರು ತಂದರೆ ಮುಗಿಯಿತು. ಇತ್ತೀಚಿನ ಫೋನುಗಳಲ್ಲಿ ಹೆಡ್‌ಫೋನಿನ ತೂತೇ ಇಲ್ಲವಲ್ಲ ಎನ್ನುತ್ತೀರಾ? ಟೈಪ್ ಸಿ ತೂತಿಗೆ ಹಾಕುವ ಗೇಣುದ್ದದ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

ಕೊಳ್ಳಲು ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಒಂದು ಹಾಡನ್ನು ಫೋನಿನಲ್ಲಿ ಒಯ್ಯಿರಿ. ಅಂಗಡಿಯವನು ಹಚ್ಚುವ ಧಡಧಡ ಹಾಡಿನಲ್ಲಿ ಎಲ್ಲ ಹೆಡ್‌ಫೋನುಗಳೂ ಚೆನ್ನಾಗಿಯೇ ಕೇಳಿಸುತ್ತವೆ. ವಾಲ್ಯೂಮ್ ಕಡಿಮೆ ಇಟ್ಟು, ಹಾಡು ಪೂರ್ತಿ ಮುಗಿಯುವವರೆಗೆ ಕೇಳಿ. ಕನ್ನಡಕದವರು ಕನ್ನಡಕ ತೆಗೆಯದೆ ಕೇಳಿ. ಅಷ್ಟು ಹೊತ್ತು ಹಾಕಿಕೊಂಡಿರಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.