23 ಕಿಲೋದಾಗ ಏನೇನ ತುಂಬಬೇಕ್ರಿ?

ಸಣ್ಣ ಮಗಳಿಗೆ ಜರ್ಮನಿಯೊಳಗ ಎಂ.ಎಸ್. ಸೀಟ್ ಸಿಕ್ತು. ಅಕ್ಟೋಬರದಾಗ ಕ್ಲಾಸ್ ಸುರು. ವೀಸಾಕ್ಕಂತ ಬ್ಲಾಕ್ಡ್ ಅಕೌಂಟಿನ್ಯಾಗ 11,904 ಯುರೋ ಇಡೂದು, ಬ್ಯಾಂಕಿನ ಸಾಲ, ಎಪಿಎಸ್ ಸರ್ಟಿಫಿಕೇಟು, ಇವನ್ನೆಲ್ಲಾ ಅಪ್ಪ-ಮಗಳು ನೋಡಿಕೊಂಡ್ರು. ಅದರಾಗ ನನಗೇನೂ ತಿಳಿಯೂದಿಲ್ರಿ. ಆದ್ರ ಬ್ಯಾಗ್ ತುಂಬೂದು ನನ್ನ ಕೆಲಸ ಅಂತ ಟೊಂಕಕ್ಕ ಸೆರಗ ಸಿಗಸಿ ನಿಂತೆ.

ಆಕಿ ಟಿಕೀಟಿಗೆ ದೊಡ್ಡ ಬ್ಯಾಗ್ ಒಂದು, 23 ಕಿಲೋ. ಕೈಯಾಗ ಒಯ್ಯೂದು 7 ಕಿಲೋ. ನಾ ಹದಿನೈದು ದಿನ ಮೊದಲ ಸುರು ಮಾಡಿದ್ದೆ. ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಮಸಾಲಿ ಖಾರ, ಐವತ್ತು ಖಡಕ್ ರೊಟ್ಟಿ, ಎರಡು ಕಿಲೋ ಜೋಳದ ಹಿಟ್ಟು, ಮನ್ಯಾಗ ಕಾಸಿದ ತುಪ್ಪ ಒಂದು ಡಬ್ಬಿ. ಇವೆಲ್ಲದರ ಮ್ಯಾಲ ನಮ್ಮ ಅತ್ತಿಯವರು ಹಳೇ ಇಳಕಲ್ ಸೀರಿ ಕೂಡಿಸಿ ಹೊಲಿದ ಕೌದಿ. ಅದೊಂದ ಎರಡೂವರಿ ಕಿಲೋ.

ಬಾಜೂ ಮನಿಯಿಂದ ತೂಗೂ ಕಾಟಾ ತಂದು ಬ್ಯಾಗ್ ಎತ್ತಿದ್ರ 31 ಕಿಲೋ!

"ಅವ್ವಾ, ಇದರಾಗ ನನ್ನ ಅರಬಿ ಎಲ್ಲಿ ಅದಾವು?" ಅಂದ್ಲು ಮಗಳು.

ಒಂದೊಂದ ಹೊರಗ ತಗೀಲಿಕ್ಕೆ ಸುರು ಮಾಡಿದ್ಲು. ಹೊರಗಿನ ದೇಶದಿಂದ ಹೋಗಾವರು ಹಾಲಿನ ಪದಾರ್ಥ ಒಯ್ಯೂಹಂಗಿಲ್ಲಂತ, ತುಪ್ಪ ಹೋತು. ಅಗಸಿ ಅಲ್ಲೇ ಅಂಗಡ್ಯಾಗ ಸಿಗತೈತಂತ, ಅದೂ ಹೋತು. ಮಿಕ್ಸರ್ ಅರೆ ಒಯ್ಯಿ ಅಂದೆ. ಕರೆಂಟ್ ನಮ್ಮಂಗ 230 ವೋಲ್ಟ್, ಪಿನ್ ಅಷ್ಟ ಬ್ಯಾರೆ, ಆದ್ರ ವಜ್ಜ ಆಗತೈತಿ ಅಂದ್ಲು. ನನಗ ಸಿಟ್ಟು ಬಂತು. "ಎಲ್ಲಾ ಅಲ್ಲೇ ಸಿಗತೈತಿ ಅಂದ್ರ ನಾ ಯಾಕ ಬೇಕು ನಿನಗ?" ಅಂದುಬಿಟ್ಟೆ. ಆಕಿ ಏನೂ ಅನ್ನಲಿಲ್ಲ. ಎದ್ದು ಹೋಗಿಬಿಟ್ಲು.

ರಾತ್ರಿ ನಿದ್ದಿ ಹತ್ತಲಿಲ್ಲ. ಅಟ್ಟದ ಮ್ಯಾಲಿನ ನನ್ನ ಟ್ರಂಕ್ ನೆನಪಾತು. 1990ರಾಗ ಲಗ್ನ ಆಗಿ ಈ ಮನಿಗೆ ಬಂದಾಗಿಂದು. ಪಿಯುಸಿ ಮುಗಿದಿತ್ತು, ಬಿ.ಎ. ಮಾಡೂ ಆಸೆ ಇತ್ತು. ಟ್ರಂಕ್ ತುಂಬಿದವರು ನಮ್ಮವ್ವ, ಚಿಗವ್ವ. ನಾ ಯಾರಿಗೂ ಹೇಳದ ತಳದಾಗ ನನ್ನ ಇತಿಹಾಸದ ನೋಟ್‌ಬುಕ್ ಎರಡು ಇಟ್ಟಿದ್ದೆ. ಚಿಗವ್ವ ನೋಡಿ, "ಇವನ್ನ ಒಯ್ದು ಅಲ್ಲೇನ್ ಮಾಡ್ತಿ?" ಅಂತ ತಗದು, ಆ ಜಾಗಾದಾಗ ತಾಮ್ರದ ತಂಬಗಿ ಇಟ್ಲು. ಆಕಿಗೇನೂ ಕೆಟ್ಟ ಮನಸಿರಲಿಲ್ಲ, ತವರಿಂದು ಒಂದಿರಲಿ ಅಂತ ಇಟ್ಟಿದ್ಲು. ನಾ ಬಾಯಿ ಬಿಡಲಿಲ್ಲ. ಆ ತಂಬಗಿ ಇವತ್ತಿಗೂ ದೇವರ ಮನ್ಯಾಗ ಐತಿ. ನಾನ ಹುಣಸಿಹಣ್ಣು ಹಚ್ಚಿ ತಿಕ್ಕತೀನಿ.

ನಾ ಈಗ ಮಾಡಾಕತ್ತಿದ್ದೂ ಚಿಗವ್ವನ ಕೆಲಸನ ಅಲ್ಲೇನು ಅನ್ನಿಸ್ತು.

ಮುಂಜಾನೆ ಚಹಾ ಕೊಟ್ಟು ಮಗಳಿಗೆ ಹೇಳಿದೆ, "ಬ್ಯಾಗ್ ನಿಂದು. ನೀನ ತುಂಬಕೋ. ನಾ ಕುಂತು ನೋಡತೀನಿ."

ಒರಿಜಿನಲ್ ಕಾಗದಪತ್ರ, ಲ್ಯಾಪ್‌ಟಾಪ್ ಕೈಚೀಲಕ್ಕ ಹೋದವು. ದೊಡ್ಡ ಬ್ಯಾಗಿಗೆ ಸ್ವೆಟರ್, ಥರ್ಮಲ್, ಎರಡನೇ ಚಷ್ಮಾ, ಡಾಕ್ಟರ ಚೀಟಿ ಜೋಡಿ ಗುಳಿಗಿ, ಪಿನ್ ಅಡಾಪ್ಟರ್. ಇಂಡಕ್ಷನ್ ಒಲಿಗೆ ನಡಿಯೂ ಮೂರು ಲೀಟರ್ ಕುಕ್ಕರಿನ್ಯಾಗ ಕಾಲುಚೀಲ, ಮಸಾಲಿ ಖಾರದ ಪಾಕೀಟು, ಶೇಂಗಾ ಚಟ್ನಿ. ಖಾಲಿ ಜಾಗಾ ಬಿಡಲೇ ಇಲ್ಲ ಹುಡುಗಿ! ಕೌದಿ ಮಾತ್ರ ಮಡಚಿ ವಾಪಸ್ ಕಾಟಿನ ಮ್ಯಾಲ ಇಟ್ಲು. ನಾ ತುಟಿ ಕಚ್ಚಿ ಸುಮ್ಮನಿದ್ದೆ.

ತೂಗಿದ್ರ 22 ಕಿಲೋ 300 ಗ್ರಾಂ.

"ಅವ್ವಾ, ಇನ್ನ 700 ಗ್ರಾಂ ಉಳದೈತಿ. ಅದು ನಿಂದು, ಏನ್ ಬೇಕಾದ್ದು ಹಾಕು," ಅಂದ್ಲು.

ಭಾಳ ವಿಚಾರ ಮಾಡಿ ಅರ್ಧಾ ಕಿಲೋ ಗುರೆಳ್ಳ ಚಟ್ನಿ ಎರಡು ಚೀಲ ಸುತ್ತಿ ಇಟ್ಟೆ. 200 ಗ್ರಾಂ ಹಂಗ ಬಿಟ್ಟೆ, ಏರ್‌ಪೋರ್ಟಿನ ಕಾಟಾ ಹೆಚ್ಚಿಗಿ ತೋರಿಸಿದ್ರ ಅಂತ.

ನಿಮ್ಮ ಮನ್ಯಾಗ ಯಾರರೆ ಹೊಂಟಿದ್ರ, ಮೊದಲ ಅವರ ಅರಬಿ ಇಡ್ರಿ, ಚಟ್ನಿ ಆಮ್ಯಾಲ. ಕೌದಿ ಈಗ ನಾನ ಹೊಚಗೊಂತೀನಿ.